ಹುಬ್ಬಳ್ಳಿಗೆ ದಕ್ಕಿದ ನೈಋತ್ಯ ರೈಲ್ವೆ

ಕರ್ನಾಟಕದ ರೈಲುಗಳ ಲಗಾಮು ಬಹುಕಾಲ ಹೊರಗಿನವರ ಕೈಯಲ್ಲಿತ್ತು. ಹುಬ್ಬಳ್ಳಿ ವಿಭಾಗ ಸಿಕಂದರಾಬಾದಿನ ದಕ್ಷಿಣ ಮಧ್ಯ ರೈಲ್ವೆಗೆ ಸೇರಿತ್ತು. ಬೆಂಗಳೂರು, ಮೈಸೂರು ವಿಭಾಗಗಳು ಚೆನ್ನೈನ ದಕ್ಷಿಣ ರೈಲ್ವೆಗೆ. ಹೊಸ ಗಾಡಿ ಬೇಕೆಂದರೂ, ಒಂದು ನಿಲುಗಡೆ ಬೇಕೆಂದರೂ ಅಹವಾಲು ರಾಜ್ಯದ ಗಡಿ ದಾಟಬೇಕಿತ್ತು. ಈ ಮೂರೂ ವಿಭಾಗಗಳನ್ನು ಒಂದೇ ಸೂರಿನಡಿ ತಂದ ನೈಋತ್ಯ ರೈಲ್ವೆ ಕೆಲಸ ಶುರು ಮಾಡಿದ್ದು 2003ರ ಏಪ್ರಿಲ್ 1ರಂದು.

ಅದು ಸುಲಭವಾಗಿ ಸಿಕ್ಕಿದ್ದಲ್ಲ. 1996ರಲ್ಲಿ ಹೊಸ ವಲಯದ ಮಾತು ಬಂದಾಗ ಕೇಂದ್ರ ಕಚೇರಿ ಬೆಂಗಳೂರಿಗೆ ಎಂದಿತ್ತು. ಹುಬ್ಬಳ್ಳಿಯ ಜನ ಬೀದಿಗಿಳಿದರು, ಪಟ್ಟು ಬಿಡಲಿಲ್ಲ. ಅವರ ಹಕ್ಕೊತ್ತಾಯಕ್ಕೆ ಇತಿಹಾಸದ ಬಲವೂ ಇತ್ತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಇಲ್ಲಿ ಹಳಿ ಹಾಸಿ, ವರ್ಕ್‌ಶಾಪ್ ಕಟ್ಟಿದಂದಿನಿಂದ ಈ ಊರು ರೈಲಿನೊಂದಿಗೇ ಬೆಳೆದಿದೆ. ಕಚೇರಿ ಹುಬ್ಬಳ್ಳಿಗೆ ಬಂದದ್ದು ನ್ಯಾಯವೆಂದೇ ನನ್ನ ಅಭಿಪ್ರಾಯ. ಇಲ್ಲಿನ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ 2023ರಲ್ಲಿ ಉದ್ಘಾಟನೆಯಾದಾಗ ಜಗತ್ತಿನಲ್ಲೇ ಅತಿ ಉದ್ದದ್ದೆಂಬ ದಾಖಲೆ ಬರೆಯಿತು.

ಆದರೆ ಈ ವಲಯದ ನಿಜವಾದ ಹಿರಿಮೆ ಕಾಣಬೇಕಾದರೆ ಘಾಟಿಗೆ ಹೋಗಬೇಕು. ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಮ್‌ಗೆ ಇಳಿಯುವ ಬ್ರಗಾಂಜಾ ಘಾಟಿಯಲ್ಲಿ 37 ಮೀಟರ್ ಸಾಗಿದರೆ ಒಂದು ಮೀಟರ್ ಏರು. ಹತ್ತುವಾಗ ಮುಂದಿನ ಎಂಜಿನ್ ಎಳೆದರೆ ಸಾಲದು. ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್‌ಗಳನ್ನು ಜೋಡಿಸುತ್ತಾರೆ. ಪೋರ್ಚುಗೀಸರ ಮುರ್ಮಗೋವಾ ಬಂದರಿಗೆ ಬಯಲುಸೀಮೆಯ ಸರಕು ಮುಟ್ಟಿಸಲೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಕಡಿದ ದಾರಿಯಿದು. ದಕ್ಷಿಣಕ್ಕೆ ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಡುವಿನ ಶಿರಾಡಿ ಸೀಮೆಯಲ್ಲಿ ಸುಮಾರು 55 ಕಿಲೋಮೀಟರಿಗೆ 57 ಸುರಂಗಗಳು. ಮುಂಗಾರು ಹಿಡಿದರೆ ಗುಡ್ಡ ಜರಿದು ಸಂಚಾರ ನಿಲ್ಲುವುದುಂಟು. ಮಳೆಯಲ್ಲಿ ಹಗಲು ರಾತ್ರಿ ಹಳಿ ಕಾಯುವ ಗ್ಯಾಂಗ್‌ಮನ್‌ಗಳನ್ನು ಕಿಟಕಿಯ ಪಕ್ಕ ಕೂತ ಪ್ರಯಾಣಿಕರು ಒಮ್ಮೆಯಾದರೂ ನೆನೆಯಬೇಕು.

ಈ ಘಾಟಿ ಹಳಿಗಳಿಗೂ ಮೊದಲೇ ಬೆಂಗಳೂರಿಗೆ ರೈಲು ಬಂದಿತ್ತು, 1864ರಲ್ಲಿ, ಜೋಲಾರ್‌ಪೇಟೆಯಿಂದ ದಂಡು ಪ್ರದೇಶಕ್ಕೆ. 1876–78ರ ಭೀಕರ ಬರದಲ್ಲಿ ಹಸಿದವರಿಗೆ ಕೂಲಿ ಕೊಡಲು ಶುರುವಾದ ಕಾಮಗಾರಿಯೇ 1882ಕ್ಕೆ ಬೆಂಗಳೂರು–ಮೈಸೂರು ಮಾರ್ಗವಾಯಿತು. ಆಮೇಲಿನ ಮೀಟರ್‌ಗೇಜ್ ಜಾಲ ಬ್ರಾಡ್‌ಗೇಜ್ ಆಗತೊಡಗಿದ್ದು ಮುಖ್ಯವಾಗಿ ಸಿ.ಕೆ. ಜಾಫರ್ ಷರೀಫ್ ರೈಲ್ವೆ ಮಂತ್ರಿಯಾಗಿದ್ದ ಕಾಲದಲ್ಲಿ.

ಇಂದು ವಲಯದ ಹಳಿಗಳು ಗೋವಾದ ವಾಸ್ಕೊ, ಆಂಧ್ರದ ಹಿಂದೂಪುರ, ತಮಿಳುನಾಡಿನ ಹೊಸೂರುಗಳನ್ನೂ ಮುಟ್ಟುತ್ತವೆ. ಆದರೆ ನಮ್ಮವೇ ಆದ ಮಂಗಳೂರು ಸೆಂಟ್ರಲ್ ಪಾಲಕ್ಕಾಡ್ ವಿಭಾಗದಲ್ಲಿ, ಕಲಬುರಗಿ ಸೊಲ್ಲಾಪುರ ವಿಭಾಗದಲ್ಲಿ, ಬೀದರ್ ಸಿಕಂದರಾಬಾದ್ ವಿಭಾಗದಲ್ಲಿ ಉಳಿದಿವೆ. ಹುಬ್ಬಳ್ಳಿಗೆ ಸಿಕ್ಕ ನ್ಯಾಯ ಆ ಊರುಗಳಿಗೂ ಸಲ್ಲಬೇಕು. ಕಲಬುರಗಿಗೆ ಪ್ರತ್ಯೇಕ ವಿಭಾಗವೆಂದು ಶಂಕುಸ್ಥಾಪನೆಯಾದದ್ದು 2014ರಲ್ಲಿ. ಆ ಮಾತನ್ನು ಕೇಂದ್ರ ಇನ್ನಾದರೂ ನಡೆಸಿಕೊಡಲಿ.