ಐರ್ಲೆಂಡಿನ ಸೋಡಾ ರೊಟ್ಟಿ

ಗೋಧಿ ಹಿಟ್ಟು, ಉಪ್ಪು, ಮಜ್ಜಿಗೆ ಮತ್ತು ಒಂದಿಷ್ಟು ಸೋಡಾ—ಐರ್ಲೆಂಡಿನ ಹಳ್ಳಿಯ ಗೃಹಿಣಿಗೆ ರೊಟ್ಟಿ ಮಾಡಲು ಬೇಕಾಗಿದ್ದುದು ಇಷ್ಟೇ. ಯೀಸ್ಟಿನ ಹಂಗಿಲ್ಲ, ಹಿಟ್ಟು ಉಬ್ಬಲೆಂದು ಗಂಟೆಗಟ್ಟಲೆ ಕಾಯಬೇಕಾಗಿಯೂ ಇಲ್ಲ.

ಈ ರೊಟ್ಟಿ ಅತ್ಯಂತ ಪುರಾತನವಾದುದೆಂದು ಭಾವಿಸುವವರುಂಟು. ವಸ್ತುತಃ ಅದರ ವಯಸ್ಸು ಎರಡು ಶತಮಾನಗಳನ್ನೂ ಮೀರಿಲ್ಲ. ಅಡಿಗೆಯ ಸೋಡಾ ಆ ದೇಶದಲ್ಲಿ ಬಳಕೆಗೆ ಬಂದುದು 1830ರ ದಶಕದ ಸುಮಾರಿಗೆ. ಆಗ ಬಡವರ ಅನ್ನವೆಂದರೆ ಆಲೂಗೆಡ್ಡೆ. 1845ರಲ್ಲಿ ಆ ಬೆಳೆಗೆ ರೋಗ ತಗುಲಿತು. 1852ರವರೆಗೆ ಮುಂದುವರಿದ ಘೋರ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಹಸಿವಿಗೂ ರೋಗಕ್ಕೂ ಬಲಿಯಾದರು. ಅದಕ್ಕೆ ಕಡಿಮೆಯಿಲ್ಲದಷ್ಟು ಜನ ದೇಶವನ್ನೇ ತೊರೆದರು. ಒಂದೇ ಗೆಡ್ಡೆಯನ್ನು ನಂಬಿ ಬದುಕುವ ಧೈರ್ಯ ಉಳಿದವರಿಗೆ ಇರಲಿಲ್ಲ. ಶತಮಾನದ ಉತ್ತರಾರ್ಧದಲ್ಲಿ ಸೋಡಾ ರೊಟ್ಟಿ ಮನೆಮನೆಯ ನಿತ್ಯಾಹಾರವಾಯಿತು.

ಅದಕ್ಕೆ ಕಾರಣಗಳಿದ್ದವು. ಐರ್ಲೆಂಡಿನ ತೇವದ ಹವೆಯಲ್ಲಿ ಬೆಳೆಯುವ ಮೆದು ಗೋಧಿಯಲ್ಲಿ ಜಿಗುಟಿನ ಅಂಶ ಕಡಿಮೆ. ಯೀಸ್ಟ್ ರೊಟ್ಟಿಗೆ ಅದು ಒಗ್ಗದು. ಬೆಣ್ಣೆ ಕಡೆಯುವ ಮನೆಗಳಲ್ಲಿ ಮಜ್ಜಿಗೆಗೆ ಕೊರತೆಯಿರಲಿಲ್ಲ. ಸೋಡಾ ಅಗ್ಗ. ಓವನ್ ಇಲ್ಲದವರು ಮುಚ್ಚಳವುಳ್ಳ ಮೂರು ಕಾಲಿನ ಕಬ್ಬಿಣದ ಪಾತ್ರೆಯಲ್ಲಿ ಹಿಟ್ಟಿನ ಮುದ್ದೆಯನ್ನಿರಿಸಿ, ಮುಚ್ಚಳದ ಮೇಲೂ ಕೆಂಡ ಹರಡಿ ಬೇಯಿಸುತ್ತಿದ್ದರು. ಜವುಗುನೆಲದಿಂದ ಕಡಿದು ಒಣಗಿಸಿದ ಹೆಂಟೆಗಳೇ ಅವರ ಸೌದೆ.

ಮನೆಯಲ್ಲಿ ಮಾಡಬಯಸುವವರು 450 ಗ್ರಾಂ ಮೈದಾ ಹಿಟ್ಟಿಗೆ ಒಂದೊಂದು ಟೀ ಚಮಚ ಉಪ್ಪು ಮತ್ತು ಸೋಡಾ ಸೇರಿಸಿ ಜರಡಿ ಹಿಡಿಯಬೇಕು. ನಡುವೆ ಗುಳಿ ಮಾಡಿ, ಸುಮಾರು 350 ಮಿಲಿಲೀಟರ್ ಹುಳಿ ಮಜ್ಜಿಗೆ ಹೊಯ್ದು ಕೈಯಿಂದ ಹಗುರವಾಗಿ ಕೂಡಿಸಬೇಕು. ಚಪಾತಿಯ ಹಿಟ್ಟಿನಂತೆ ನಾದಲಾಗದು; ನಾದಿದರೆ ರೊಟ್ಟಿ ಗಟ್ಟಿಯಾಗುತ್ತದೆ. ಮಜ್ಜಿಗೆಯ ಹುಳಿ ಸೋಡಾದೊಡನೆ ಬೆರೆತ ಕ್ಷಣದಿಂದಲೇ ಅನಿಲ ಹುಟ್ಟುವುದರಿಂದ ವಿಳಂಬವೂ ಸಲ್ಲದು. ಎರಡು ಅಂಗುಲ ದಪ್ಪದ ಬಿಲ್ಲೆ ಮಾಡಿ, ಮೇಲೆ ಆಳವಾಗಿ ಶಿಲುಬೆಯಾಕಾರದಲ್ಲಿ ಕೊಯ್ದು, ಮೊದಲೇ ಕಾಯಿಸಿದ ಓವನ್‌ನಲ್ಲಿ 230 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 15 ನಿಮಿಷ, ಅನಂತರ 200 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಿಸಬೇಕು. ತಳವನ್ನು ತಟ್ಟಿದಾಗ ಟೊಳ್ಳು ಸದ್ದು ಬಂದರೆ ಬೆಂದಿತೆಂದು ತಿಳಿಯಬಹುದು.

ಆ ಕೊಯ್ತದಿಂದ ಮನೆಯ ಯಕ್ಷಿಣಿಯರು ಹೊರಗೆ ಹೋಗುವರೆಂದು ಹಳಬರ ನಂಬಿಕೆ. ದೈವಭಕ್ತರಿಗೆ ಅದು ಆಶೀರ್ವಾದದ ಗುರುತು. ನಡುಭಾಗಕ್ಕೂ ಶಾಖ ತಾಗಲು, ನಾಲ್ಕು ಪಾಲಾಗಿ ಮುರಿಯಲು ಅದು ಅನುಕೂಲವೆಂಬುದು ಅಡಿಗೆಮನೆಯ ವಿವೇಕ. ಉತ್ತರ ಐರ್ಲೆಂಡಿನಲ್ಲಂತೂ ಹಿಟ್ಟನ್ನು ಮೊದಲೇ ನಾಲ್ಕಾಗಿ ಕೊಯ್ದು ಕಾವಲಿಯ ಮೇಲೆ ಸುಡುವುದುಂಟು.

ಒಣದ್ರಾಕ್ಷಿ, ಸಕ್ಕರೆ ವಿಶೇಷ ದಿನಗಳ ಮಾತು. ದಿನದ ರೊಟ್ಟಿಗೆ ಬೆಣ್ಣೆಯೊಂದಿದ್ದರೆ ಸಾಕು. ಮರುದಿನಕ್ಕೆ ಅದು ಒಣಗುವುದರಿಂದ, ಬಟ್ಟೆಯಲ್ಲಿ ಸುತ್ತಿಟ್ಟು ಅಂದೇ ತಿಂದು ಮುಗಿಸುವುದು ಲೇಸು.