ಬೆಟ್ಟಾ ಮೀನು ಸಾಕಣೆ: ನೀರಿನ ಉಷ್ಣತೆಯನ್ನು ಕಾಪಾಡುವ ಬಗೆ

ಫೈಟರ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಬೆಟ್ಟಾ ಮೀನು ಇಂದು ಪೇಟೆಯಿಂದ ಹಳ್ಳಿಮನೆಗಳ ಚಾವಡಿಗೂ ಬಂದಿದೆ. ಗಂಡು ಮೀನುಗಳು ಒಂದನ್ನೊಂದು ಕಂಡರೆ ಕಾದಾಡುವುದರಿಂದ ಒಂದೊಂದನ್ನೇ ಸಣ್ಣ ಬಾಟಲಿಯಲ್ಲಿಟ್ಟು ಮಾರುವುದು ರೂಢಿ. ಮಕ್ಕಳು ಅದೇ ಬಾಟಲಿಯನ್ನು ಕಿಟಕಿಯಲ್ಲಿಟ್ಟು ಸಾಕತೊಡಗುತ್ತಾರೆ. ಮಳೆಗಾಲವಿಡೀ ಚುರುಕಾಗಿದ್ದ ಮೀನು ಡಿಸೆಂಬರ್-ಜನವರಿಯಲ್ಲಿ ಮಂಕಾಗಿ, ಆಹಾರ ಬಿಟ್ಟು, ಒಂದು ಬೆಳಿಗ್ಗೆ ಸತ್ತು ತೇಲುತ್ತದೆ. ಗಾಳಿ ಸಾಲದೆ ಸತ್ತಿತೆಂದು ಮನೆಯವರು ತಿಳಿಯುವುದುಂಟು. ಆದರೆ ಹಲವು ವೇಳೆ ಇದಕ್ಕೆ ಮುಖ್ಯ ಕಾರಣ ನೀರಿನ ಉಷ್ಣತೆಯ ಏರುಪೇರು. ದುಬಾರಿ ಉಪಕರಣಗಳಿಲ್ಲದೆಯೇ ಇದನ್ನು ಬಹುಮಟ್ಟಿಗೆ ತಡೆಯಬಹುದು.

ಮೀನಿನ ಸ್ವಭಾವ

ಬೆಟ್ಟಾ ಮೀನಿನ ತವರು ಥಾಯ್ಲೆಂಡ್. ಆ ದೇಶವು 2019ರಲ್ಲಿ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಭತ್ತದ ಗದ್ದೆ, ಜೌಗು ನೆಲ ಮತ್ತು ಹರಿವಿಲ್ಲದ ಕಾಲುವೆಗಳು ಇದರ ನೆಲೆ. ಕಿವಿರುಗಳಲ್ಲದೆ ಗಾಳಿಯನ್ನು ನೇರವಾಗಿ ಉಸಿರಾಡುವ ಒಂದು ವಿಶೇಷ ಅಂಗವೂ ಇದಕ್ಕಿದೆ. ಆದ್ದರಿಂದ ಇದು ಆಗಾಗ ಮೇಲಕ್ಕೆ ಬಂದು ಗಾಳಿ ನುಂಗುತ್ತದೆ.

ಮೀನಿಗೆ ನಮ್ಮಂತೆ ಸ್ವಂತ ಮೈಬಿಸಿ ಇಲ್ಲ. ನೀರಿನ ಉಷ್ಣತೆ ಎಷ್ಟೋ ಅದರ ಮೈಯ ಉಷ್ಣತೆಯೂ ಅಷ್ಟೇ. ಬೆಟ್ಟಾ ಮೀನಿಗೆ 24ರಿಂದ 28 ಡಿಗ್ರಿ ಸೆಂಟಿಗ್ರೇಡ್ ಹಿತಕರ. ನೀರು ತಣ್ಣಗಾದರೆ ಜೀರ್ಣಶಕ್ತಿ ಕುಗ್ಗಿ, ಬಿಳಿಚುಕ್ಕೆಯಂತಹ ರೋಗಗಳು ಬೇಗ ತಗಲುತ್ತವೆ. 30 ಡಿಗ್ರಿ ದಾಟಿದರೆ ಮಲಮೂತ್ರ ಹಾಗೂ ಉಳಿದ ಆಹಾರದಿಂದ ಹುಟ್ಟುವ ಅಮೋನಿಯಾ ಹೆಚ್ಚು ವಿಷಕಾರಿಯಾಗುತ್ತದೆ. ನಿಧಾನವಾಗಿ ಆಗುವ ಎರಡು ಮೂರು ಡಿಗ್ರಿಯ ಬದಲಾವಣೆಯನ್ನು ಮೀನು ತಾಳಿಕೊಳ್ಳುತ್ತದೆ. ಅಷ್ಟೇ ಬದಲಾವಣೆ ಕೆಲವೇ ನಿಮಿಷಗಳಲ್ಲಾದರೆ ಬಳಲುತ್ತದೆ.

ಗದ್ದೆಯ ನೀರೂ ಮಧ್ಯಾಹ್ನ ಕಾಯುತ್ತದಲ್ಲವೇ ಎಂದು ರೈತರು ಕೇಳಬಹುದು. ನಿಜ. ಆದರೆ ಗದ್ದೆಯಲ್ಲಿ ಮೀನು ಪೈರಿನ ನೆರಳಿಗೋ ಆಳದ ತೋಡಿಗೋ ಸರಿದುಕೊಳ್ಳುತ್ತದೆ. ಬಾಟಲಿಯಲ್ಲಿ ಸರಿಯಲು ಎಡೆಯಿಲ್ಲ.

ನಮ್ಮ ಕರಾವಳಿಯ ಹವೆ

ಬೀಜಾಡಿ, ಕೋಟೇಶ್ವರದಂತಹ ಕಡಲತಡಿಯ ಊರುಗಳಲ್ಲಿ ಜುಲೈ ತಿಂಗಳ ಹಗಲು ಸುಮಾರು 28-29 ಡಿಗ್ರಿ, ರಾತ್ರಿ 23-24 ಡಿಗ್ರಿ ಇರುತ್ತದೆ. ವ್ಯತ್ಯಾಸ ಐದಾರು ಡಿಗ್ರಿ ಮಾತ್ರ. ಜನವರಿಯಲ್ಲಿ ಹಗಲು 32ರ ಆಸುಪಾಸಿನಲ್ಲಿದ್ದು, ಬೆಳಗಿನ ಜಾವ 20-21ಕ್ಕೆ ಇಳಿಯುತ್ತದೆ. ಹೀಗಾಗಿ ಮಳೆಗಾಲಕ್ಕಿಂತ ಮೂಡುಗಾಳಿ ಬೀಸುವ ಚಳಿಯ ದಿನಗಳಲ್ಲೇ ಹೆಚ್ಚಿನ ಎಚ್ಚರ ಬೇಕು.

ನೀರು ಹೆಚ್ಚಿದಷ್ಟೂ ಏರುಪೇರು ಕಡಿಮೆ

ತೊಟ್ಟಿಯ ನೀರು ಬಿಸಿಯಾಗುವುದೂ ಆರುವುದೂ ಅದರ ಹೊರಮೈಯ ಮೂಲಕ. ಪ್ರತಿ ಬದಿಯೂ 10 ಸೆಂ.ಮೀ. ಇರುವ ಚೌಕ ಪೆಟ್ಟಿಗೆಯಲ್ಲಿ 1 ಲೀಟರ್ ನೀರು ಹಿಡಿಯುತ್ತದೆ. ಅದರ ಹೊರಮೈ 600 ಚದರ ಸೆಂ.ಮೀ. ಬದಿ 30 ಸೆಂ.ಮೀ. ಆದರೆ ನೀರು 27 ಲೀಟರ್, ಹೊರಮೈ 5,400 ಚದರ ಸೆಂ.ಮೀ.; ಅಂದರೆ ಲೀಟರಿಗೆ 200 ಮಾತ್ರ. ಹೀಗೆ ದೊಡ್ಡ ತೊಟ್ಟಿಯ ನೀರು ಬಾಟಲಿಯ ನೀರಿಗಿಂತ ಬಹಳ ನಿಧಾನವಾಗಿ ಬದಲಾಗುತ್ತದೆ. ಒಂದೇ ಮೀನಿಗಾದರೂ 20 ಲೀಟರಿನ ತೊಟ್ಟಿ ಇಡುವುದು ಉತ್ತಮ.

ಬಾವಿನೀರಿನ ಅನುಕೂಲ

ಬಾವಿಯ ನೀರು ಚಳಿಯಲ್ಲಿ ಬೆಚ್ಚಗೆ, ಬೇಸಿಗೆಯಲ್ಲಿ ತಂಪಾಗಿ ಇರುವುದು ಎಲ್ಲರಿಗೂ ತಿಳಿದದ್ದೇ. ವಾಸ್ತವವಾಗಿ ಬದಲಾಗುವುದು ಹೊರಗಿನ ಹವೆ. ನೆಲದಾಳದ ನೀರು ವರ್ಷವಿಡೀ ಹೆಚ್ಚುಕಡಿಮೆ 27 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಬೆಟ್ಟಾ ಮೀನಿಗೆ ಬೇಕಾದದ್ದೂ ಇಷ್ಟೇ.

ಆದ್ದರಿಂದ ನೀರು ಬದಲಿಸುವಾಗ ರಾತ್ರಿಯಿಡೀ ಹೊರಗಿಟ್ಟ ಬಕೆಟಿನ ನೀರನ್ನಾಗಲಿ, ಮಧ್ಯಾಹ್ನ ತಾರಸಿಯ ಟ್ಯಾಂಕಿನಲ್ಲಿ ಕಾದ ನೀರನ್ನಾಗಲಿ ಬಳಸಬಾರದು. 27 ಡಿಗ್ರಿಯ 20 ಲೀಟರ್ ನೀರಿನಲ್ಲಿ ಅರ್ಧ ತೆಗೆದು 21 ಡಿಗ್ರಿಯ ನೀರು ಹಾಕಿದರೆ ತೊಟ್ಟಿಯ ಉಷ್ಣತೆ ಒಮ್ಮೆಲೇ 24ಕ್ಕೆ ಇಳಿಯುತ್ತದೆ. 38 ಡಿಗ್ರಿಯ ನೀರು ಹಾಕಿದರೆ 32.5ಕ್ಕೆ ಏರುತ್ತದೆ. ಆಗ ಸೇದಿದ ಬಾವಿನೀರನ್ನು ಎರಡು ಬಕೆಟುಗಳ ನಡುವೆ ಹತ್ತಾರು ಬಾರಿ ಹೊಯ್ದು ಗಾಳಿಯಾಡಿಸಿ ಬಳಸಬೇಕು. ಬೇಸಿಗೆಯಲ್ಲಿ ಉಪ್ಪಾಗುವ ಬಾವಿಯ ನೀರು ಬೇಡ. ಕ್ಲೋರಿನ್ ಹಾಕಿದ ನಳದ ನೀರಾದರೆ ಬಾಯಗಲದ ಪಾತ್ರೆಯಲ್ಲಿ ಒಂದು ದಿನ ಮನೆಯೊಳಗೇ ಇಟ್ಟು ಬಳಸಬೇಕು.

ಅನುಸರಿಸಬೇಕಾದ ಕ್ರಮಗಳು

1. ತೊಟ್ಟಿಯನ್ನು ಒಳಗೋಡೆಯ ಬಳಿ ಮರದ ಹಲಗೆಯ ಮೇಲಿಡಿ. ಕಿಟಕಿ, ಬಿಸಿಲು ಬೀಳುವ ಪಡುಗೋಡೆ, ಒಲೆಯ ಪಕ್ಕ ಮತ್ತು ಫ್ರಿಜ್ಜಿನ ಮೇಲ್ಭಾಗ ಸೂಕ್ತವಲ್ಲ.

2. ಗಾಳಿಗೆ ಸಣ್ಣ ಸಂದಿ ಬಿಟ್ಟು ಮುಚ್ಚಳ ಹಾಕಿ. ಹೂಜಿಯ ನೀರು ತಣ್ಣಗಾಗುವಂತೆ ತೊಟ್ಟಿಯ ನೀರೂ ಆವಿಯಾಗುತ್ತ ತಣ್ಣಗಾಗುತ್ತದೆ. ಒಣ ಮೂಡುಗಾಳಿಯಲ್ಲಿ ಇದು ಇನ್ನೂ ಹೆಚ್ಚು. ಮುಚ್ಚಳವಿದ್ದರೆ ಮೀನು ಉಸಿರಾಡುವ ಗಾಳಿಯೂ ಬೆಚ್ಚಗಿರುತ್ತದೆ, ಮೀನು ಹೊರಕ್ಕೆ ಹಾರುವುದೂ ತಪ್ಪುತ್ತದೆ.

3. ಬೇಸಿಗೆಯಲ್ಲಿ ಇದೇ ತತ್ವವನ್ನು ತಿರುಗಿಸಿ ಬಳಸಿ. ಮುಚ್ಚಳ ತೆಗೆದು ಬಲೆ ಹೊದಿಸಿ, ತೊಟ್ಟಿಯ ಸುತ್ತ ಒದ್ದೆಬಟ್ಟೆ ಕಟ್ಟಿ. ಮಂಜುಗಡ್ಡೆ ಹಾಕಬೇಡಿ.

4. ವಾರಕ್ಕೊಮ್ಮೆ ಕಾಲು ಭಾಗ ನೀರನ್ನು ಮಾತ್ರ ಬದಲಿಸಿ.

5. ಹೊಸ ಮೀನನ್ನು ತಂದಾಗ ಚೀಲವನ್ನು ಬಿಚ್ಚದೆ 15-20 ನಿಮಿಷ ತೊಟ್ಟಿಯ ನೀರಿನಲ್ಲಿ ತೇಲಿಸಿ, ಅನಂತರ ಬಿಡಿ.

6. ಉಷ್ಣಮಾಪಕ ತಂದು ಒಂದು ವಾರ ಬೆಳಿಗ್ಗೆ 6ಕ್ಕೂ ಮಧ್ಯಾಹ್ನ 3ಕ್ಕೂ ಉಷ್ಣತೆಯನ್ನು ಬರೆದಿಡಿ. ವ್ಯತ್ಯಾಸ 3 ಡಿಗ್ರಿ ಮೀರಿದರೆ ಜಾಗ ಬದಲಿಸಿ. ಆಗಲೂ ಬೆಳಿಗ್ಗೆ 24ಕ್ಕಿಂತ ಕೆಳಗಿದ್ದರೆ 20 ಲೀಟರಿಗೆ 25 ವ್ಯಾಟಿನ, ತಾನಾಗಿ ನಿಲ್ಲುವ ಹೀಟರ್ ಸಾಕು. ನೀರಿಗೆ ಕೈ ಹಾಕುವ ಮೊದಲು ಅದರ ಪ್ಲಗ್ ತೆಗೆಯಿರಿ.

7. ಚಳಿಯ ದಿನಗಳಲ್ಲಿ ಆಹಾರವನ್ನು ಕಡಿಮೆ ಮಾಡಿ, ಬಿಸಿಲೇರಿದ ಮೇಲೆ ಕೊಡಿ.

ಬಾವಿಯ ನೀರು ಹಿತವೆಂದು ಮೀನನ್ನೇ ಬಾವಿಗೋ ಕೆರೆಗೋ ಬಿಡುವುದು ಸರಿಯಲ್ಲ. ಪರದೇಶದ ಮೀನು ನಮ್ಮ ಮೀನುಗಳಿಗೆ ರೋಗ ತರಬಹುದು. ಬೆಟ್ಟಾ ಮರಿಗಳನ್ನು ಉಪಕಸುಬಾಗಿ ಸಾಕುವವರು ಅಂಗಳದ ಸಿಮೆಂಟು ತೊಟ್ಟಿಗೆ ಮಡಲಿನ ಚಪ್ಪರ ಹಾಕಿ, ಚಳಿಗಾಲದಲ್ಲಿ ಸುತ್ತ ಬೈಹುಲ್ಲು ಕಟ್ಟಬೇಕು. ಹೆಚ್ಚಿನ ಸಲಹೆಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯವನ್ನು ಸಂಪರ್ಕಿಸಬಹುದು.