ತಾಳೆಯಾಗದ ಕ್ಯಾಲೊರಿ ಲೆಕ್ಕ

ಮೂರು ದಶಕಗಳಿಂದ ಅನ್ಯರ ಲೆಕ್ಕಪತ್ರಗಳನ್ನು ಪರಿಶೋಧಿಸುತ್ತ ಬಂದವನು ನಾನು. ಅರಸೀಕೆರೆಯ ಕೊಬ್ಬರಿ ಮಂಡಿಗಳಿರಲಿ, ಬೇಲೂರು, ಹಳೇಬೀಡುಗಳ ವಸತಿಗೃಹ, ಅಂಗಡಿಗಳಿರಲಿ, ಶಿಲ್ಕು ತಾಳೆಯಾಗದಿದ್ದಾಗ ದೋಷವೆಲ್ಲಿದೆಯೆಂದು ಹುಡುಕಿಕೊಡುವುದೇ ನನ್ನ ವೃತ್ತಿ. ಈ ಬಾರಿ ಜಿಎಸ್‌ಟಿ, ಆದಾಯ ತೆರಿಗೆಗಳನ್ನು ಬದಿಗಿರಿಸಿ, ಐದು ತಿಂಗಳು ತಪ್ಪದೆ ಬರೆದರೂ ತಾಳೆಯಾಗದ ನನ್ನದೇ ಪುಸ್ತಕವೊಂದನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇನೆ. ಅದು ನಾನು ಸೇವಿಸಿದ ಕ್ಯಾಲೊರಿಗಳ ಪುಸ್ತಕ.

ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದ ನಮ್ಮ ತಂದೆಯವರು ಮಧುಮೇಹದಿಂದ ಕಾಲಿನ ಎರಡು ಬೆರಳುಗಳನ್ನು ಕಳೆದುಕೊಂಡವರು. ಕಳೆದ ವರ್ಷ ನನ್ನ ರಕ್ತಪರೀಕ್ಷೆಯಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರುವ ಎಚ್‌ಬಿಎ1ಸಿ 6.3 ಬಂದಿತು. 5.7ರಿಂದ 6.4ರವರೆಗಿನದು ಮಧುಮೇಹದ ಹೊಸ್ತಿಲು. ನನ್ನ ಎತ್ತರ 168 ಸೆಂಟಿಮೀಟರ್, ತೂಕ 88 ಕಿಲೊ, ಸೊಂಟದ ಸುತ್ತಳತೆ 104 ಸೆಂಟಿಮೀಟರ್. ಭಾರತೀಯ ಪುರುಷರಿಗೆ ಸೊಂಟ 90 ಮೀರಬಾರದೆಂದು ತಜ್ಞರ ಅಭಿಮತ. ಹತ್ತು ಕಿಲೊ ಇಳಿಸಲೇಬೇಕೆಂದು ವೈದ್ಯರು ಸೂಚಿಸಿದರು.

ಕಾಗದದ ಮೇಲಿನ ಲಾಭ

ಒಂದು ಕಿಲೊ ದೇಹದ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಎಂಬುದು ಪ್ರಚಲಿತ ಗಣಿತ. ದಿನಕ್ಕೆ 500 ಕ್ಯಾಲೊರಿ ಕಡಿಮೆ ಸೇವಿಸಿದರೆ 150 ದಿನಗಳಲ್ಲಿ 75,000 ಕ್ಯಾಲೊರಿ, ಅಂದರೆ ಸುಮಾರು 9.7 ಕಿಲೊ ಇಳಿಯಬೇಕು. ಮುದ್ದೆಯ ಹಿಟ್ಟಿನಿಂದ ಮಜ್ಜಿಗೆಯವರೆಗೆ ಎಲ್ಲವನ್ನೂ ಬರೆದಿಟ್ಟೆ. ಐದು ತಿಂಗಳ ಅಂತ್ಯದಲ್ಲಿ ತಕ್ಕಡಿ ತೋರಿಸಿದ್ದು 86 ಕಿಲೊ! ಇಳಿದದ್ದು ಎರಡೇ ಕಿಲೊ. ವ್ಯತ್ಯಾಸವನ್ನು ದಿನಗಳಿಗೆ ಹಂಚಿದಾಗ ನಿತ್ಯ ಸುಮಾರು 400 ಕ್ಯಾಲೊರಿಗೆ ಲೆಕ್ಕವಿರಲಿಲ್ಲ.

ಮೊದಲು ದೇಹವನ್ನು ದೂಷಿಸಿದೆ. ಥೈರಾಯ್ಡ್ ಪರೀಕ್ಷೆ ಮಾಡಿಸಿದೆ, ಅದು ಸರಿಯಾಗಿಯೇ ಇದ್ದಿತು. ಬಳಿಕ ಶ್ರೀಮತಿಯವರ ಒಗ್ಗರಣೆಯನ್ನು ದೂಷಿಸಿದೆ. ಅವರು ವಾದಕ್ಕಿಳಿಯಲಿಲ್ಲ. ಒಗೆಯಲೆಂದು ತೆಗೆದಿಟ್ಟಿದ್ದ ನನ್ನ ಅಂಗಿಯ ಜೇಬಿನಿಂದ ನಾಲ್ಕು ಚೂರು ಕೊಬ್ಬರಿ ತೆಗೆದು ಮೇಜಿನ ಮೇಲಿಟ್ಟು, "ಇದನ್ನು ಯಾವ ಪುಟದಲ್ಲಿ ಬರೆದಿದ್ದೀರಿ, ತೋರಿಸಿ ನೋಡೋಣ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ವೋಚರ್ ಇಲ್ಲದ ಖರ್ಚು

ಅಂದಿನಿಂದ ಹದಿನೈದು ದಿನ ಪುಸ್ತಕ ಅವರ ಕೈಗೆ ಹೋಯಿತು. ಮಂಡಿಗೆ ಹೋದಾಗ ಉಂಡೆ ಕೊಬ್ಬರಿ ಒಡೆದು ಗುಣಮಟ್ಟ ತೋರಿಸಿ ಕೈಗೆ ಚೂರು ಕೊಡುವುದು ನಮ್ಮೂರಿನ ಮರ್ಯಾದೆ. ಒಣಕೊಬ್ಬರಿಯ 100 ಗ್ರಾಮಿನಲ್ಲಿ 600ಕ್ಕೂ ಹೆಚ್ಚು ಕ್ಯಾಲೊರಿಗಳಿವೆ. ಹದಿನೈದು ಗ್ರಾಮ್ ಬಾಯಾಡಿಸಿದರೂ 90 ಆಯಿತು. ಕಕ್ಷಿದಾರರ ಅಂಗಡಿಗಳಲ್ಲಿ ಬೇಡವೆನ್ನಲಾಗದೆ ಕುಡಿದ ಸಕ್ಕರೆ ಚಹಾ ದಿನಕ್ಕೆ ಮೂರು ಲೋಟ, ಸುಮಾರು 150. ಮನೆಯ ಕಾಫಿಯನ್ನು ಮಾತ್ರ ನಾನು ಬರೆಯುತ್ತಿದ್ದೆ.

ಎಣ್ಣೆಯ ವಿಷಯದಲ್ಲಿ ವ್ಯಾಪಾರಿಗಳೆಲ್ಲರಿಗೂ ತಿಳಿದ ವಿಧಾನವನ್ನೇ ಅನುಸರಿಸಿದೆವು. ಆರಂಭದ ದಾಸ್ತಾನಿಗೆ ಖರೀದಿಯನ್ನು ಕೂಡಿಸಿ, ಅಂತಿಮ ದಾಸ್ತಾನನ್ನು ಕಳೆದರೆ ಬಳಕೆ ತಿಳಿಯುತ್ತದೆ. ತಾಯಿಯವರೂ ಸೇರಿ ಮೂವರಿರುವ ಮನೆಯಲ್ಲಿ ತಿಂಗಳಿಗೆ ಎರಡೂವರೆ ಲೀಟರ್, ಅಂದರೆ ತಲಾ ದಿನಕ್ಕೆ ಸುಮಾರು 28 ಮಿಲಿಲೀಟರ್. ನಾನು ಬರೆದದ್ದು 10. ಒಂದು ಗ್ರಾಮ್ ಕೊಬ್ಬಿಗೆ 9 ಕ್ಯಾಲೊರಿಯಾದ್ದರಿಂದ ಇಲ್ಲಿಯೂ ಸುಮಾರು 150 ಕ್ಯಾಲೊರಿ ಪುಸ್ತಕದಿಂದ ಹೊರಗುಳಿದಿತ್ತು. ಮೂರೂ ಸೇರಿ 390! ಒಗ್ಗರಣೆಯಲ್ಲಿ ತಪ್ಪಿರಲಿಲ್ಲ, ಅಡುಗೆಮನೆಗೆ ಕಾಲಿಡದೆ ಅಂದಾಜು ಬರೆದವನದೇ ತಪ್ಪು.

ಖರ್ಚಿನ ಬದಿಯೂ ಶುದ್ಧವಾಗಿರಲಿಲ್ಲ. ತಿಂಗಳಿಗೊಮ್ಮೆ ಬೇಲೂರು, ಹಳೇಬೀಡುಗಳಿಗೆ ಹೋದಾಗ ಚೆನ್ನಕೇಶವನ ಜಗತಿಯನ್ನೂ ಹೊಯ್ಸಳೇಶ್ವರನ ಆವರಣವನ್ನೂ ಸುತ್ತಿಬಂದು 'ವ್ಯಾಯಾಮ 300 ಕ್ಯಾಲೊರಿ' ಎಂದು ಬರೆಯುತ್ತಿದ್ದೆ. ನನ್ನ ತೂಕದವರು ಆ 300 ಗಳಿಸಲು ಒಂದು ಗಂಟೆ ಚುರುಕಾಗಿ ನಡೆಯಬೇಕು. ನಾನೋ ಅರ್ಧ ಗಂಟೆ, ಅದರಲ್ಲಿಯೂ ಬಹುಪಾಲು ಶಿಲ್ಪಗಳೆದುರು ನಿಂತಿರುತ್ತಿದ್ದೆ. ಅದೇ ಧೈರ್ಯದಲ್ಲಿ ಹೊರಬಂದು ಮಸಾಲೆ ದೋಸೆ ತಿನ್ನುತ್ತಿದ್ದೆ. ಬಿಲ್ಲಿಲ್ಲದೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆಯುವ ವರ್ತಕರಿಗೆ ಬುದ್ಧಿ ಹೇಳುವ ನಾನು ಮಾಡಿದ್ದೂ ಅದನ್ನೇ.

ಒಬ್ಬನ ದೋಷವಲ್ಲ

ಇದು ನನ್ನೊಬ್ಬನ ದೌರ್ಬಲ್ಯವಲ್ಲವೆಂದು ಅನಂತರ ತಿಳಿಯಿತು. 1992ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು, ಮಿತವಾಗಿ ತಿಂದರೂ ತೂಕ ಇಳಿಯದೆಂದು ಹೇಳುತ್ತಿದ್ದವರನ್ನು ಪರೀಕ್ಷಿಸಿತು. ಅವರು ತಿಂದದ್ದರಲ್ಲಿ ಸರಾಸರಿ ಶೇ. 47ರಷ್ಟನ್ನು ಹೇಳದೆ ಬಿಟ್ಟಿದ್ದರು. ದೈಹಿಕ ಶ್ರಮವನ್ನು ಶೇ. 51ರಷ್ಟು ಹೆಚ್ಚಿಸಿ ಹೇಳಿದ್ದರು. ದೇಹದ ಚಯಾಪಚಯದಲ್ಲಿ ದೋಷ ಕಾಣಲಿಲ್ಲ. ಅವರೆಲ್ಲರೂ ಸುಳ್ಳು ಹೇಳಿದರೆಂದು ತಿಳಿಯಬೇಕಾಗಿಲ್ಲ. ಮನಸ್ಸು ತನಗೆ ಅನುಕೂಲವಾದುದನ್ನು ನೆನಪಿಡುತ್ತದೆ, ಅಷ್ಟೇ.

ಇನ್ನೊಂದು ತಪ್ಪು ಅಂದಾಜು ಪಟ್ಟಿಯಲ್ಲಿಯೇ ಇದ್ದಿತು. ತೂಕ ಇಳಿದಂತೆ ದೇಹದ ದೈನಂದಿನ ವೆಚ್ಚವೂ ಇಳಿಯುತ್ತದೆ. 7,700ರ ಸರಳ ಭಾಗಾಕಾರ ಇದನ್ನು ಪರಿಗಣಿಸುವುದಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿಯೇ ಇದನ್ನು ವಿವರಿಸಿದ್ದಾರೆ. ಸವಕಳಿಯನ್ನು ಕಳೆಯದೆ ಲಾಭ ತೋರಿಸಿದಂತಾಗಿತ್ತು ನನ್ನ ಲೆಕ್ಕ.

ವ್ಯಾಪಾರಿ ಬಂಧುಗಳು ಇದನ್ನು ಲಘುವಾಗಿ ಕಾಣಬಾರದು. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 11.4 ಮಂದಿಗೆ ಮಧುಮೇಹವಿದೆ, ಶೇ. 39.5 ಮಂದಿಗೆ ಹೊಟ್ಟೆಯ ಬೊಜ್ಜಿದೆ. ದಿನವಿಡೀ ಗಾದಿಯ ಮೇಲೆ ಕುಳಿತು, ಬಂದವರೊಡನೆಲ್ಲ ಚಹಾ ಸೇವಿಸುವ ನಮ್ಮ ವರ್ಗ ಈ ಅಪಾಯಕ್ಕೆ ಸಮೀಪದಲ್ಲಿಯೇ ಇದೆ.

ಪರಿಶೋಧಕರು ಬೇರೆಯಿರಲಿ

ನಗದು ನಿರ್ವಹಿಸುವವನೇ ಲೆಕ್ಕ ಬರೆಯಬಾರದು, ಬರೆದವನೇ ಪರಿಶೋಧಿಸಬಾರದು. ಇದು ನಮ್ಮ ವೃತ್ತಿಯ ಮೊದಲ ಪಾಠ. ಕ್ಯಾಲೊರಿ ಪುಸ್ತಕದಲ್ಲಿ ತಿನ್ನುವವನು, ಬರೆಯುವವನು, ಪರಿಶೋಧಿಸುವವನು ಮೂವರೂ ಒಬ್ಬನೇ. ಆದಕಾರಣ ಮನೆಯವರಲ್ಲಿ ಒಬ್ಬರಿಗೆ ಆ ಪುಸ್ತಕವನ್ನು ಒಪ್ಪಿಸಿರಿ. ತಿಂದ ಮೇಲೆ ನೆನಪಿಸಿಕೊಂಡು ಬರೆಯುವುದಕ್ಕಿಂತ ತಿನ್ನುವ ಮುನ್ನ ಬರೆಯಿರಿ. ಎಣ್ಣೆ, ಸಕ್ಕರೆಗಳನ್ನು ದಾಸ್ತಾನಿನಿಂದ ಅಳೆಯಿರಿ. ತಿಂಗಳಿಗೊಮ್ಮೆ ಸೊಂಟಕ್ಕೆ ಟೇಪು ಹಿಡಿದು ಭೌತಿಕ ಪರಿಶೀಲನೆ ನಡೆಸಿರಿ. ಎಲ್ಲ ಸೋರಿಕೆ ಮುಚ್ಚಿದರೂ ತೂಕ ಇಳಿಯದಿದ್ದರೆ ವೈದ್ಯರನ್ನು ಕಾಣಿರಿ. ಥೈರಾಯ್ಡ್ ದೋಷ ಅಥವಾ ಸೇವಿಸುತ್ತಿರುವ ಔಷಧಿಯೂ ಕಾರಣವಾಗಿರಬಹುದು.

ಮುಂದಿನ ಆರು ತಿಂಗಳಲ್ಲಿ ನನ್ನ ತೂಕ 82 ಕಿಲೊಗೆ ಇಳಿದು ಅಲ್ಲಿಯೇ ನಿಂತಿದೆ. ಸೊಂಟ 98 ಸೆಂಟಿಮೀಟರ್, ಎಚ್‌ಬಿಎ1ಸಿ 5.9. ಗುರಿ ಮುಟ್ಟಿಲ್ಲ, ಆದರೆ ಪುಸ್ತಕ ಈಗ ಸತ್ಯವನ್ನು ಹೇಳುತ್ತಿದೆ. ಮಂಡಿಯಲ್ಲಿ ಕೊಬ್ಬರಿ ಚೂರನ್ನು ಮೂಸಿ ನೋಡಿ ಹಿಂದಿರುಗಿಸುವುದನ್ನು ಕಲಿತಿದ್ದೇನೆ. ಆದರೂ ಅಂಗಿ ಒಗೆಯುವ ಮುನ್ನ ಜೇಬಿನ ತಪಾಸಣೆ ನಮ್ಮ ಮನೆಯಲ್ಲಿ ಇಂದಿಗೂ ನಿಂತಿಲ್ಲ.